ಕೋಟೆ ಬಿಟ್ಟು ಬಂದ ರಕ್ತಪಿಪಾಸು

"ಸರ್, ಬೆಳ್ಳುಳ್ಳಿ ವಾಸನಿಗೆ ಡ್ರಾಕುಲಾ ಓಡಿ ಹೋಗ್ತಾನಂತ, ಖರೇ ಏನ್ರಿ?"

ಕಲ್ಮಲದಲ್ಲಿ ರಕ್ತಪರಿಚಲನೆಯ ಪಾಠ ಮಾಡುತ್ತಿದ್ದಾಗ ಹುಡುಗನೊಬ್ಬ ಕೇಳಿದ ಪ್ರಶ್ನೆಯಿದು. ತರಗತಿಯೆಲ್ಲ ಘೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಆದರೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನಗಲಿಲ್ಲ. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಐರ್ಲೆಂಡಿನ ಬ್ರಾಮ್ ಸ್ಟೋಕರ್ 1897ರಲ್ಲಿ 'ಡ್ರಾಕುಲಾ' ಕಾದಂಬರಿ ಬರೆದ. ಬೆಟ್ಟದ ಮೇಲಿನ ಹಳೆಯ ಕೋಟೆ, ಶವಪೆಟ್ಟಿಗೆ, ಶಿಲುಬೆ, ಬೆಳ್ಳುಳ್ಳಿ ಎಲ್ಲವೂ ಅದರಲ್ಲಿವೆ. 1931ರಲ್ಲಿ ಬೇಲಾ ಲುಗೋಸಿ, 1958ರಲ್ಲಿ ಕ್ರಿಸ್ಟೋಫರ್ ಲೀ ತೆರೆಯ ಮೇಲೆ ಆ ಪಾತ್ರವಾದರು. ಬಿಸಿಲು ತಾಗಿದರೆ ರಕ್ತಪಿಪಾಸು ಸಾಯುತ್ತಾನೆಂದು ಎಲ್ಲರೂ ನಂಬಿದ್ದೇವಲ್ಲವೆ? ಸ್ಟೋಕರನ ಡ್ರಾಕುಲಾ ಹಗಲಿನಲ್ಲೂ ಓಡಾಡುತ್ತಾನೆ! ಬಿಸಿಲಿಗೆ ಸಾಯುವ ನಿಯಮ ಬಂದದ್ದು 1922ರ ಜರ್ಮನ್ ಮೂಕಿಚಿತ್ರ 'ನೊಸ್ಫೆರಾತು'ವಿನಿಂದ. ದೆವ್ವಗಳ ನಿಯಮಗಳನ್ನು ಬರೆದವರೂ ಮನುಷ್ಯರೇ.

ಮುಂದೆ ಬಂದ ಕೆಲವು ನಿರ್ದೇಶಕರು ಆ ಕೋಟೆಯನ್ನೇ ಕೆಡವಿದರು. ಕ್ಯಾಥರಿನ್ ಬಿಗೆಲೋ ಅವರ 'ನಿಯರ್ ಡಾರ್ಕ್' (1987) ಚಿತ್ರದ ರಕ್ತಪಿಪಾಸುಗಳು ಅಮೆರಿಕದ ಹಳ್ಳಿಗಾಡಿನಲ್ಲಿ ವಾಹನ ಓಡಿಸಿಕೊಂಡು ಅಲೆಯುತ್ತಾರೆ. ಅವರ ಗುಂಪಿಗೆ ಸಿಕ್ಕಿಬಿದ್ದ ತರುಣನನ್ನು ಉಳಿಸುವುದು ಶಿಲುಬೆಯಲ್ಲ, ತಂದೆಯೇ ನೀಡುವ ರಕ್ತ! ಸ್ವೀಡನ್ನಿನ 'ಲೆಟ್ ದ ರೈಟ್ ಒನ್ ಇನ್' (2008) ಚಿತ್ರದ ಕಥೆ ನಡೆಯುವುದು ಸಾಮಾನ್ಯ ವಸತಿ ಬಡಾವಣೆಯಲ್ಲಿ. ಅಲ್ಲಿ ಹನ್ನೆರಡರ ಬಾಲಕನನ್ನು ದಿನವೂ ಹಿಂಸಿಸುವವರು ಅವನ ಸಹಪಾಠಿಗಳು. ನೋಡುವವರ ಮೈ ನಡುಗುವುದು ಆ ಕ್ರೌರ್ಯಕ್ಕೆ. (ಇವು ದೊಡ್ಡವರ ಚಿತ್ರಗಳು, ಮಕ್ಕಳಿಗಲ್ಲ ಎಂಬುದನ್ನು ಪಾಲಕರು ಗಮನಿಸಬೇಕು.)

ನಮ್ಮಲ್ಲಿ? ರಾಯಚೂರಿನಲ್ಲಿ 1294ರ ಶಾಸನವಿರುವ ಕೋಟೆಯೇ ಇದೆ. ಆದರೆ ನಮ್ಮ ದೆವ್ವಗಳಿಗೆ ಕೋಟೆ ಬೇಕಿಲ್ಲ, ಊರ ಹೊರಗಿನ ಹುಣಸೆಮರ ಸಾಕು. 1990ರ ದಶಕದಲ್ಲಿ ಕರ್ನಾಟಕದ ಹಲವು ಊರುಗಳ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದದ್ದು ಹಿರಿಯರಿಗೆ ನೆನಪಿರಬಹುದು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನೋದಿ ಹಿಂತಿರುಗುತ್ತದಂತೆ! ಹಾಗಾದರೆ ದೆವ್ವಕ್ಕೆ ಕನ್ನಡ ಓದಲು ಕಲಿಸಿದ ಮೇಷ್ಟ್ರು ಯಾರು?

ಪಿ. ವಾಸು ನಿರ್ದೇಶಿಸಿದ 'ಆಪ್ತಮಿತ್ರ' (2004) ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಳೆಯ ಬಂಗಲೆ, ಮುಚ್ಚಿದ ಕೋಣೆ, ನಾಗವಲ್ಲಿ ಎಲ್ಲ ಇದ್ದರೂ ಅಲ್ಲಿ ವಿಷ್ಣುವರ್ಧನ್ ಅವರದು ಮನೋವೈದ್ಯನ ಪಾತ್ರ. ಸೌಂದರ್ಯ ಅವರ ಪಾತ್ರವನ್ನು ಕಾಡುವುದು ಮನಸ್ಸಿನ ಕಾಯಿಲೆಯೆಂದು ಅವನು ಗುರುತಿಸುತ್ತಾನೆ.

ಈಗ ಆ ಹುಡುಗಿಯ ಮಾತು. ಮುಖ ಬಿಳಿಚಿಕೊಂಡಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಒಮ್ಮೆ ಪ್ರಾರ್ಥನೆಯ ವೇಳೆ ಕುಸಿದುಬಿದ್ದಳು. "ಹುಣಸಿಮರದ ಕೆಳಗ ಹೋಗಿದ್ಳ್ರಿ ಸರ್, ಗಾಳಿ ಸೋಕೇತಿ. ಏನೋ ಒಂದು ಆಕಿ ರಕ್ತ ಹೀರಾಕತ್ತೇತಿ" ಎಂದರು ಅವರವ್ವ. ಕೈಗೆ ದಾರವನ್ನೂ ಕಟ್ಟಿಸಿದ್ದರು. ನಾನು ಅವರ ನಂಬಿಕೆಯನ್ನು ಹಳಿಯಲಿಲ್ಲ. "ದಾರ ಇರಲಿ ಬಿಡ್ರವ್ವಾ, ಒಂದು ಸಲ ರಕ್ತಪರೀಕ್ಷೆನೂ ಮಾಡಿಸೋಣ" ಎಂದೆ. ಹನ್ನೆರಡು ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಮಲಪರೀಕ್ಷೆಯಲ್ಲಿ ಕೊಕ್ಕೆಹುಳುವಿನ ಮೊಟ್ಟೆಗಳು ಕಂಡವು.

ಅವ್ವ ಹೇಳಿದ್ದು ಅರ್ಧ ನಿಜವೇ ಆಗಿತ್ತು. ರಕ್ತ ಹೀರುವವನು ಇದ್ದ, ಆದರೆ ಮರದ ಮೇಲಲ್ಲ, ಕರುಳಿನಲ್ಲಿ! ಬಯಲು ಶೌಚದಿಂದ ಕೆಟ್ಟ ಹಸಿ ಮಣ್ಣಿನಲ್ಲಿ ಈ ಹುಳುವಿನ ಮರಿಗಳು ಇರುತ್ತವೆ. ಬರಿಗಾಲಿನ ಚರ್ಮ ಕೊರೆದು ಒಳಸೇರಿ, ಕೊನೆಗೆ ಸಣ್ಣಕರುಳಿಗೆ ಕಚ್ಚಿಕೊಳ್ಳುತ್ತವೆ. ಒಂದೊಂದು ಕುಡಿಯುವುದು ತೀರಾ ಸ್ವಲ್ಪ. ಆದರೆ ಹುಳು ನೂರಾರಾದರೆ?

ಡಾಕ್ಟರು ಜಂತುಹುಳುವಿನ ಮಾತ್ರೆ, ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಕಾಲಿಗೆ ಚಪ್ಪಲಿ ಬಂತು. ಊಟದಲ್ಲಿ ಸೊಪ್ಪು, ಬೇಳೆ ಹೆಚ್ಚಾಯಿತು. ಕೆಲವು ತಿಂಗಳಲ್ಲಿ ಅವಳು ಕಬಡ್ಡಿ ಅಂಗಳದಲ್ಲಿದ್ದಳು. ಕೈಯ ದಾರವನ್ನು ಯಾರೂ ಬಿಚ್ಚಿಸಲಿಲ್ಲ, ತಾನಾಗಿಯೇ ಸವೆದು ಬಿತ್ತು.

ಪಾಲಕರೇ, 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆಗಳಲ್ಲಿ ಅಲ್ಬೆಂಡಜೋಲ್ ಮಾತ್ರೆ ಕೊಡಲಾಗುತ್ತಿದೆ. ಅಂದು ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ.

ಅಂದಹಾಗೆ, ಬೆಳ್ಳುಳ್ಳಿಯ ಪ್ರಶ್ನೆ ಕೇಳಿದ ಹುಡುಗನಿಗೆ ನಾನು ಕೊಟ್ಟ ಉತ್ತರ: "ಬೆಳ್ಳುಳ್ಳಿ ಚಟ್ನಿಗಿರಲಿ ತಮ್ಮಾ. ರಕ್ತ ಹೀರೋ ಹುಳಕ್ಕ ಚಪ್ಪಲಿ, ಶೌಚಾಲಯ, ಮಾತ್ರಿ, ಈ ಮೂರೇ ಮಂತ್ರ!"