ಬ್ರೌಸರಿನ ಪರಿಷ್ಕರಣವೂ ಆಡ್-ಆನ್‌ಗಳ ಸಂರಕ್ಷಣೆಯೂ

ಅಂತರ್ಜಾಲದ ಪುಟಗಳನ್ನು ತೆರೆದು ಓದಲು ಸಾಧನವಾದ ಬ್ರೌಸರ್ ಎಂಬ ತಂತ್ರಾಂಶವು ಇಂದು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಲೇಖನಿಯಷ್ಟೇ ಪರಿಚಿತವಾದ ವಸ್ತು. ಆದರೆ ಬಳಸುವವರು ತಮ್ಮ ತಮ್ಮ ಅಗತ್ಯಕ್ಕೆ ತಕ್ಕಂತೆ ಅದಕ್ಕೆ ಜೋಡಿಸಿಕೊಳ್ಳುವ ಆಡ್-ಆನ್ ಎಂಬ ಉಪಾಂಗಗಳ ವಿಷಯವು ಅಷ್ಟು ಪರಿಚಿತವಲ್ಲ. ಜಾಹೀರಾತುಗಳನ್ನು ತಡೆಯುವುದು, ಗುಪ್ತಪದಗಳನ್ನು ಕಾಪಿಡುವುದು, ಕಠಿನ ಪದದ ಅರ್ಥವನ್ನು ಓದುತ್ತಿರುವ ಪುಟದಲ್ಲಿಯೇ ತೋರಿಸುವುದು, ಗ್ರಂಥಸೂಚಿಯನ್ನು ಸಿದ್ಧಪಡಿಸುವುದು ಮೊದಲಾದ ಕೆಲಸಗಳಿಗಾಗಿ ಬಹುಮಟ್ಟಿಗೆ ಹೊರಗಿನವರು ರಚಿಸಿಕೊಟ್ಟ ಉಪಾಂಗಗಳು ಬಳಕೆಯಲ್ಲಿವೆ. ವರ್ಷಗಟ್ಟಲೆ ಬಳಸಿ ಕೈಗೆ ಒಗ್ಗಿದ ಇಂಥ ಉಪಾಂಗವೊಂದು, ಬ್ರೌಸರನ್ನು ಹೊಸ ಆವೃತ್ತಿಗೆ ಏರಿಸಿದ ಮರುದಿನವೇ ನಿಂತುಹೋದರೆ ಉಂಟಾಗುವ ಸಂಕಟವನ್ನು ಅನುಭವಿಸಿದವರೇ ಬಲ್ಲರು. ಅದು ಏತಕ್ಕೆ ನಿಲ್ಲುತ್ತದೆ, ನಿಲ್ಲದಂತೆ ಏನು ಮಾಡಬಹುದು, ನಿಂತಾಗ ಏನನ್ನು ಮಾಡಬಾರದು ಎಂಬ ಮೂರು ಪ್ರಶ್ನೆಗಳನ್ನು ಮುಖ್ಯವಾಗಿ ಫೈರ್‌ಫಾಕ್ಸ್ ಎಂಬ ಪ್ರಸಿದ್ಧ ಬ್ರೌಸರಿನ ಇತಿಹಾಸವನ್ನು ಆಧರಿಸಿ ಇಲ್ಲಿ ವಿವೇಚಿಸಲಾಗಿದೆ.

ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಬ್ರೌಸರು ಪ್ರಕೃತಿ, ಆಡ್-ಆನ್ ಪ್ರತ್ಯಯ. ಪ್ರತ್ಯಯಕ್ಕೆ ಸ್ವತಂತ್ರವಾದ ಪ್ರಯೋಗವಿಲ್ಲ. ಅದು ಪ್ರಕೃತಿಯ ಸ್ವರೂಪವನ್ನು ಅನುಸರಿಸಿ ಸೇರಬೇಕು. ಹಳಗನ್ನಡದ ‘ಪಾಲ್’ ಎಂಬ ವ್ಯಂಜನಾಂತ ಪ್ರಕೃತಿಗೆ ‘ಒಳ್’ ಪ್ರತ್ಯಯ ಸೇರಿ ‘ಪಾಲೊಳ್’ ಎಂದಾಗುತ್ತಿತ್ತು. ಆ ಶಬ್ದವು ಹೊಸಗನ್ನಡದಲ್ಲಿ ‘ಹಾಲು’ ಎಂದು ಸ್ವರಾಂತವಾದ ಮೇಲೆ, ‘ಅಲ್ಲಿ’ ಎಂಬ ಪ್ರತ್ಯಯವು ನಡುವೆ ‘ಇನ್’ ಎಂಬ ಆಗಮವನ್ನು ಪಡೆದು ‘ಹಾಲಿನಲ್ಲಿ’ ಎಂಬ ರೂಪ ಸಿದ್ಧವಾಯಿತು. ಪ್ರಕೃತಿ ಬದಲಾದಾಗ ಪ್ರತ್ಯಯವೂ ಅದು ಸೇರುವ ಕ್ರಮವೂ ಬದಲಾಗಬೇಕಾಗುತ್ತದೆ. ಬ್ರೌಸರು ಮತ್ತು ಆಡ್-ಆನ್‌ಗಳ ಸಂಬಂಧವೂ ಇಂಥದೇ. ಭಾಷೆಯಲ್ಲಿ ಶತಮಾನಗಳು ಹಿಡಿದ ಈ ಮಾರ್ಪಾಟು ತಂತ್ರಾಂಶದಲ್ಲಿ ಕೆಲವೇ ವಾರಗಳಲ್ಲಿ ನಡೆಯುವುದರಿಂದ ತೊಡಕು ಹೆಚ್ಚು.

ಮೊಜಿಲ್ಲಾ ಸಂಸ್ಥೆಯು ಫೈರ್‌ಫಾಕ್ಸಿನ ೧.೦ ಆವೃತ್ತಿಯನ್ನು ೨೦೦೪ರ ನವೆಂಬರ್ ೯ರಂದು ಪ್ರಕಟಿಸಿತು. ಆ ಕಾಲದ ಆಡ್-ಆನ್‌ಗಳು ಬ್ರೌಸರಿನ ಒಳಭಾಗಗಳನ್ನೆಲ್ಲ ನೇರವಾಗಿ ಮುಟ್ಟಬಲ್ಲವಾಗಿದ್ದವು. ಎಕ್ಸ್‌ಯುಎಲ್ ಎಂಬ ಭಾಷೆಯಲ್ಲಿ ರಚಿತವಾದ ಬ್ರೌಸರಿನ ಹೊರರೂಪವನ್ನು ಆಡ್-ಆನ್ ರಚಿಸುವವರು ತಮಗೆ ಬೇಕಾದಂತೆ ತಿದ್ದಬಹುದಾಗಿತ್ತು. ಈ ಸ್ವಾತಂತ್ರ್ಯದಿಂದ ಅದ್ಭುತವಾದ ಉಪಾಂಗಗಳು ಹುಟ್ಟಿದವು. ಬ್ರೌಸರಿನ ಒಳಗಿನ ಒಂದು ಸಣ್ಣ ಭಾಗ ಬದಲಾದರೂ ಅದನ್ನು ನಂಬಿದ ಉಪಾಂಗ ಕೆಡುವ ದೋಷವೂ ಅದರಿಂದಲೇ ಹುಟ್ಟಿತು. ಆದುದರಿಂದ ಪ್ರತಿಯೊಂದು ಆಡ್-ಆನ್ ತಾನು ಯಾವ ಆವೃತ್ತಿಯಿಂದ ಯಾವ ಆವೃತ್ತಿಯವರೆಗೆ ನಡೆಯಬಲ್ಲೆನೆಂಬುದನ್ನು ಒಂದು ಚಿಕ್ಕ ಕಡತದಲ್ಲಿ ಬರೆದಿಟ್ಟುಕೊಂಡಿರುತ್ತಿತ್ತು. ಬ್ರೌಸರಿನ ಸಂಖ್ಯೆ ಆ ಎಲ್ಲೆಯನ್ನು ಮೀರಿದೊಡನೆ, ಉಪಾಂಗವು ವಾಸ್ತವವಾಗಿ ಕೆಟ್ಟಿರದಿದ್ದರೂ, ಬ್ರೌಸರು ಅದನ್ನು ನಿಲ್ಲಿಸಿಬಿಡುತ್ತಿತ್ತು. ಬಲ್ಲ ಬಳಕೆದಾರರು ಆ ಪೊಟ್ಟಣವನ್ನು ಬಿಚ್ಚಿ ಕೊನೆಯ ಸಂಖ್ಯೆಯನ್ನು ತಿದ್ದಿ ಮತ್ತೆ ಕಟ್ಟುತ್ತಿದ್ದರು. ಇಲ್ಲವೇ ಹೊಂದಾಣಿಕೆಯ ಪರೀಕ್ಷೆಯನ್ನೇ ಸೆಟ್ಟಿಂಗಿನಲ್ಲಿ ರದ್ದುಮಾಡುತ್ತಿದ್ದರು.

೨೦೧೧ರ ಜೂನ್ ತಿಂಗಳಲ್ಲಿ ಐದನೆಯ ಆವೃತ್ತಿ ಹೊರಬಂದಂದಿನಿಂದ, ಸುಮಾರು ಆರು ವಾರಗಳಿಗೊಂದು ಹೊಸ ಆವೃತ್ತಿ ಎಂಬ ಪದ್ಧತಿ ಆರಂಭವಾಯಿತು. ಬಿಡುವಿನ ವೇಳೆಯಲ್ಲಿ ಉಪಾಂಗಗಳನ್ನು ರಚಿಸುತ್ತಿದ್ದ ಸ್ವಯಂಸೇವಕರಿಗೆ ಈ ವೇಗದೊಡನೆ ಹೆಜ್ಜೆ ಹಾಕುವುದು ದುಸ್ಸಾಧ್ಯವಾಯಿತು. ಬಳಕೆದಾರರ ಅಸಮಾಧಾನವನ್ನು ಕಂಡು ೨೦೧೨ರ ಜನವರಿ ಕೊನೆಯಲ್ಲಿ ಬಂದ ಹತ್ತನೆಯ ಆವೃತ್ತಿಯಲ್ಲಿ ನಿಯಮವನ್ನು ತಿರುಗಿಸಲಾಯಿತು. ಹೊಂದುವುದೆಂದು ರುಜುವಾಗುವವರೆಗೆ ನಿಲ್ಲಿಸುವ ಬದಲು, ಹೊಂದುವುದಿಲ್ಲವೆಂದು ಗೊತ್ತಾಗುವವರೆಗೆ ಸಾಧಾರಣ ಉಪಾಂಗಗಳನ್ನು ನಡೆಯಗೊಡುವ ಕ್ರಮ ಬಂದಿತು. ಸಂಖ್ಯೆಯ ಕಾರಣದಿಂದಲೇ ಆಗುತ್ತಿದ್ದ ತಡೆಯು ಇದರಿಂದ ಬಹಳಮಟ್ಟಿಗೆ ತೊಲಗಿತು.

ಎರಡನೆಯ ಬಗೆಯ ತಡೆಯು ಇದಕ್ಕಿಂತ ಆಳವಾದದ್ದು. ಬ್ರೌಸರಿನ ಕೆಲಸವನ್ನು ಹಲವು ಪ್ರತ್ಯೇಕ ಪ್ರಕ್ರಿಯೆಗಳಲ್ಲಿ ಹಂಚಿ, ಒಂದು ಪುಟ ಕೆಟ್ಟರೆ ಉಳಿದವು ಕೆಡದಂತೆ ಮಾಡಬೇಕೆಂಬುದೂ ಭದ್ರತೆಯನ್ನು ಹೆಚ್ಚಿಸಬೇಕೆಂಬುದೂ ಮೊಜಿಲ್ಲಾದ ಉದ್ದೇಶವಾಗಿತ್ತು. ಒಳಭಾಗಗಳನ್ನೆಲ್ಲ ಮುಟ್ಟುವ ಹಳೆಯ ಉಪಾಂಗಗಳು ಇದಕ್ಕೆ ಅಡ್ಡಿಯಾದವು. ಹಳೆಯ ಪದ್ಧತಿಯನ್ನು ಕೈಬಿಡುವುದಾಗಿ ೨೦೧೫ರ ಆಗಸ್ಟ್‌ನಲ್ಲಿ ಸಂಸ್ಥೆಯು ಘೋಷಿಸಿತು; ೨೦೧೭ರ ನವೆಂಬರ್ ೧೪ರಂದು ಬಂದ ೫೭ನೆಯ ಆವೃತ್ತಿಯಲ್ಲಿ ಅದನ್ನು ನಡೆಸಿಯೂ ತೋರಿಸಿತು. ಅಂದಿನಿಂದ ವೆಬ್‌ಎಕ್ಸ್‌ಟೆನ್ಷನ್ಸ್ ಎಂಬ ಹೊಸ ವಿಧಾನದಲ್ಲಿ, ಗೊತ್ತುಪಡಿಸಿದ ದ್ವಾರಗಳ ಮೂಲಕ ಮಾತ್ರ ಬ್ರೌಸರನ್ನು ಪ್ರವೇಶಿಸುವ ಉಪಾಂಗಗಳಿಗೆ ಅವಕಾಶ ಉಳಿಯಿತು. ಒಂದು ಸಂಖ್ಯೆಯನ್ನು ತಿದ್ದಿ ದಾಟಬಹುದಾದ ಎಲ್ಲೆ ಇದಾಗಿರಲಿಲ್ಲ. ಉಪಾಂಗವನ್ನು ಮೊದಲಿನಿಂದ ಬರೆಯಬೇಕಾಗಿತ್ತು.

ಇದರ ಫಲವು ಒಂದೊಂದು ಉಪಾಂಗಕ್ಕೂ ಒಂದೊಂದು ರೀತಿಯಾಯಿತು. ಪುಟಗಳೊಳಗಿನ ಸ್ಕ್ರಿಪ್ಟುಗಳನ್ನು ತಡೆದು ರಕ್ಷಣೆ ನೀಡುವ ನೋಸ್ಕ್ರಿಪ್ಟ್ ಕೆಲವೇ ದಿನಗಳಲ್ಲಿ ಹೊಸ ರೂಪದಲ್ಲಿ ಬಂದಿತು. ತೆರೆದ ಪುಟಗಳನ್ನು ಮರದ ಕೊಂಬೆಗಳಂತೆ ಜೋಡಿಸುವ ಟ್ರೀ ಸ್ಟೈಲ್ ಟ್ಯಾಬ್ ಪಕ್ಕದ ಪಟ್ಟಿಯೊಳಗೆ ನೆಲೆ ಕಂಡುಕೊಂಡಿತು. ಕಡತಗಳನ್ನು ಒಟ್ಟಾಗಿ ಇಳಿಸಿಕೊಳ್ಳುವ ಡೌನ್‌ದೆಮ್‌ಆಲ್ ಹೊಸ ಪದ್ಧತಿಗೆ ಬರಲು ೨೦೧೯ರವರೆಗೆ ಕಾಯಬೇಕಾಯಿತು. ಬ್ರೌಸರಿಗೆ ಹಳೆಯ ಹೊರರೂಪವನ್ನು ಮರಳಿ ತೊಡಿಸುತ್ತಿದ್ದ ಕ್ಲಾಸಿಕ್ ಥೀಮ್ ರೆಸ್ಟೋರರ್ ಎಂಬುದಕ್ಕೆ ಹೊಸ ವಿಧಾನದಲ್ಲಿ ದ್ವಾರವೇ ಇಲ್ಲದ ಕಾರಣ ಅದು ಮುಗಿದುಹೋಯಿತು. ವಿದ್ವಾಂಸರಿಗೆ ಗ್ರಂಥಸೂಚಿಯನ್ನು ಸಿದ್ಧಪಡಿಸಿಕೊಡುವ ಝೊಟೆರೊ ಬೇರೊಂದು ಮಾರ್ಗವನ್ನು ಹಿಡಿಯಿತು. ೨೦೦೬ರಲ್ಲಿ ಫೈರ್‌ಫಾಕ್ಸಿನ ಉಪಾಂಗವಾಗಿ ಹುಟ್ಟಿದ ಅದು, ೨೦೧೭ರಲ್ಲಿ ತನ್ನ ಐದನೆಯ ಆವೃತ್ತಿಯ ವೇಳೆಗೆ ಪೂರ್ಣವಾಗಿ ಸ್ವತಂತ್ರ ತಂತ್ರಾಂಶವಾಗಿ ನಿಂತು, ಬ್ರೌಸರಿನೊಳಗೆ ಒಂದು ಚಿಕ್ಕ ಸೇತುವೆಯನ್ನು ಮಾತ್ರ ಉಳಿಸಿಕೊಂಡಿತು. ಹೀಗೆ ಪರಿಷ್ಕರಣದ ನಂತರ ಉಪಾಂಗಗಳಿಗೆ ಕೆಲವು ಗತಿಗಳುಂಟು: ಒಡನೆ ಮರುಹುಟ್ಟು, ತಡವಾಗಿ ಮರುಹುಟ್ಟು, ಸ್ವತಂತ್ರ ಜೀವನ, ಇಲ್ಲವೇ ಅಂತ್ಯ. ತನ್ನ ಉಪಾಂಗವು ಯಾವ ಗತಿಯಲ್ಲಿದೆಯೆಂದು ತಿಳಿಯದೆ ಪರಿಹಾರವನ್ನು ಹುಡುಕುವುದು ವ್ಯರ್ಥ.

ಮೂರನೆಯ ಬಗೆಯ ತಡೆಯು ಮುದ್ರೆಗೆ ಸಂಬಂಧಿಸಿದ್ದು. ದುಷ್ಟ ಉಪಾಂಗಗಳನ್ನು ತಡೆಯುವುದಕ್ಕಾಗಿ ಮೊಜಿಲ್ಲಾದ ಡಿಜಿಟಲ್ ಸಹಿಯಿಲ್ಲದ ಆಡ್-ಆನ್‌ಗಳನ್ನು ಸಾಧಾರಣ ಫೈರ್‌ಫಾಕ್ಸ್ ಒಪ್ಪದಂತೆ ೨೦೧೬ರ ಆಗಸ್ಟ್‌ನಿಂದ ಮಾಡಲಾಯಿತು. ಪೊಟ್ಟಣದೊಳಗೆ ಒಂದಕ್ಷರವನ್ನು ತಿದ್ದಿದರೂ ಸಹಿ ಮುರಿಯುತ್ತದೆ. ಆದಕಾರಣ ಸಂಖ್ಯೆಯನ್ನು ತಿದ್ದುವ ಹಿಂದಿನ ಉಪಾಯ ಈಗ ನಡೆಯದು. ಆದರೆ ೨೦೧೯ರ ಮೇ ೪ರಂದು ಈ ಸಹಿಗಳಿಗೆ ಆಧಾರವಾದ ಪ್ರಮಾಣಪತ್ರವೊಂದರ ಅವಧಿ ಮುಗಿದುದು ಗಮನಕ್ಕೆ ಬಾರದೆ, ಜಗತ್ತಿನಾದ್ಯಂತ ಫೈರ್‌ಫಾಕ್ಸ್ ಬಳಕೆದಾರರ ಉಪಾಂಗಗಳು ಏಕಾಏಕಿ ನಿಂತವು. ಗೌಪ್ಯವಾಗಿ ಜಾಲವನ್ನು ಬಳಸುವವರು ಅವಲಂಬಿಸಿದ ಟಾರ್ ಬ್ರೌಸರಿನಲ್ಲಿಯೂ ನೋಸ್ಕ್ರಿಪ್ಟ್ ನಿಂತುಹೋಯಿತು. ಅಂಥವರಿಗೆ ಇದು ಅನನುಕೂಲವಷ್ಟೇ ಆಗಿರಲಿಲ್ಲ, ರಕ್ಷಣೆಯ ಲೋಪವೂ ಆಗಿತ್ತು. ತಿದ್ದಿದ ಆವೃತ್ತಿ ಮರುದಿನ ಬಂದಿತು. ಆ ಸಂದರ್ಭದಲ್ಲಿ ಮೊಜಿಲ್ಲಾ ನೀಡಿದ ಸೂಚನೆಯನ್ನು ಇಂದಿಗೂ ನೆನಪಿಡಬೇಕು: ನಿಂತ ಉಪಾಂಗವನ್ನು ಕಿತ್ತುಹಾಕಿ ಮತ್ತೆ ಸ್ಥಾಪಿಸಬಾರದು, ಏಕೆಂದರೆ ಉಪಾಂಗವನ್ನು ಕಿತ್ತರೆ ಅದರೊಡನೆ ಅದು ಕೂಡಿಟ್ಟ ಮಾಹಿತಿಯೂ ಅಳಿದುಹೋಗುತ್ತದೆ.

ಇಷ್ಟನ್ನು ಕೇಳಿದವರು, ಹೊಸ ಆವೃತ್ತಿಗೆ ಏರದೆ ಹಳೆಯದರಲ್ಲಿಯೇ ಉಳಿದರೆ ಕ್ಷೇಮವಲ್ಲವೇ ಎಂದು ಕೇಳಬಹುದು. ಅದಕ್ಕೆ ೨೦೨೫ರ ಮಾರ್ಚ್ ೧೪ರ ಸಂಗತಿಯು ಉತ್ತರವಾಗಿದೆ. ಅಂದು ಮತ್ತೊಂದು ಮೂಲ ಪ್ರಮಾಣಪತ್ರದ ಅವಧಿ ಮುಗಿಯುವುದಿತ್ತು. ಈ ಬಾರಿ ಮುಂಚಿತವಾಗಿಯೇ ಎಚ್ಚರಿಸಿದ ಮೊಜಿಲ್ಲಾ, ೧೨೮ನೆಯ ಆವೃತ್ತಿಗೆ, ಅಥವಾ ದೀರ್ಘಾವಧಿ ಬೆಂಬಲದ ೧೧೫.೧೩ಕ್ಕೆ ಏರದವರ ಉಪಾಂಗಗಳು ನಿಲ್ಲಬಹುದೆಂದು ತಿಳಿಸಿತು. ಅಂದರೆ ಉಪಾಂಗಗಳನ್ನು ಉಳಿಸಿಕೊಳ್ಳಬೇಕೆಂದು ಹಳೆಯ ಬ್ರೌಸರಿನಲ್ಲಿಯೇ ನಿಂತವರಿಗೆ ಉಪಾಂಗಗಳೇ ಕೈಕೊಡುವ ಪ್ರಸಂಗವೊದಗಿತು. ಭದ್ರತೆಯ ದೋಷಗಳು ತಿದ್ದದೆ ಉಳಿಯುವುದು ಬೇರೆಯೇ ಹಾನಿ. ಬ್ಯಾಂಕಿನ ವ್ಯವಹಾರವನ್ನೂ ವಿದ್ಯಾರ್ಥಿಗಳ ದಾಖಲೆಗಳನ್ನೂ ತೆರೆಯುವ ಯಂತ್ರದಲ್ಲಿ ಒಂದು ಉಪಾಂಗದ ಮೋಹಕ್ಕಾಗಿ ಹಳೆಯ ಬ್ರೌಸರನ್ನು ಇಟ್ಟುಕೊಳ್ಳುವುದು ವಿವೇಕವಲ್ಲ.

ನಾಲ್ಕನೆಯದು ನೀತಿಯ ಬದಲಾವಣೆ. ಗೂಗಲ್ ಸಂಸ್ಥೆಯ ಕ್ರೋಮ್ ಬ್ರೌಸರು ಉಪಾಂಗಗಳ ನಿಯಮಾವಳಿಯಾದ ಮ್ಯಾನಿಫೆಸ್ಟಿನ ಎರಡನೆಯ ಆವೃತ್ತಿಯನ್ನು ೨೦೨೪ರ ಜೂನ್‌ನಿಂದ ಹಂತಹಂತವಾಗಿ ಕೈಬಿಡತೊಡಗಿ ೨೦೨೫ರಲ್ಲಿ ಪೂರ್ಣವಾಗಿ ಬಿಟ್ಟಿತು. ಹೊಸ ನಿಯಮದಂತೆ, ಜಾಲದ ಬೇಡಿಕೆಗಳನ್ನು ಒಂದೊಂದಾಗಿ ಪರೀಕ್ಷಿಸಿ ತಡೆಯುವ ಅಧಿಕಾರವು ಸಾಧಾರಣ ಉಪಾಂಗಕ್ಕಿಲ್ಲ; ಮುಂಚಿತವಾಗಿ ಸೂತ್ರಗಳ ಪಟ್ಟಿಯನ್ನು ಒಪ್ಪಿಸಿದರೆ ಬ್ರೌಸರೇ ತಡೆಯುತ್ತದೆ. ಇದರಿಂದ ರೇಮಂಡ್ ಹಿಲ್ ರಚಿಸಿದ ಯುಬ್ಲಾಕ್ ಆರಿಜಿನ್ ಎಂಬ ಜಾಹೀರಾತು ತಡೆಯುವ ಉಪಾಂಗವು ಕ್ರೋಮ್‌ನಲ್ಲಿ ನಿಂತಿತು. ಹೊಸ ನಿಯಮಕ್ಕೆ ಹೊಂದುವ ಯುಬ್ಲಾಕ್ ಆರಿಜಿನ್ ಲೈಟ್ ಎಂಬ, ಶಕ್ತಿ ಕಡಮೆಯಾದ ಇನ್ನೊಂದನ್ನು ಅವರೇ ಒದಗಿಸಿದ್ದಾರೆ. ಮೊಜಿಲ್ಲಾ ಎರಡೂ ನಿಯಮಾವಳಿಗಳನ್ನು ಮುಂದುವರಿಸುವುದಾಗಿ ೨೦೨೫ರಲ್ಲಿ ಪುನರುಚ್ಚರಿಸಿತು. ಇಂಥ ಸಂದರ್ಭದಲ್ಲಿ ಬಳಕೆದಾರನ ಮುಂದಿರುವುದು ಎರಡೇ ದಾರಿ: ಉಪಾಂಗವನ್ನು ಬದಲಿಸುವುದು, ಇಲ್ಲವೇ ಬ್ರೌಸರನ್ನು ಬದಲಿಸುವುದು.

ಕಾರಣಗಳ ವಿವೇಚನೆ ಇಷ್ಟಾಯಿತು. ಇನ್ನು ಆಚರಣೆಯ ಕ್ರಮ. ಪರಿಷ್ಕರಣಕ್ಕೆ ಮುಂಚೆ, ಇರುವ ಉಪಾಂಗಗಳ ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಂಡು, ನಿಜವಾಗಿ ಬೇಕಾದವು ಯಾವುವೆಂದು ಗುರುತಿಸಬೇಕು. ನೋಸ್ಕ್ರಿಪ್ಟ್, ಯುಬ್ಲಾಕ್ ಆರಿಜಿನ್ ಮೊದಲಾದ ಹಲವು ಉಪಾಂಗಗಳಲ್ಲಿ ತಮ್ಮ ಏರ್ಪಾಟುಗಳನ್ನು ಒಂದು ಕಡತಕ್ಕೆ ಬರೆದುಕೊಡುವ ಸೌಕರ್ಯವಿದೆ. ಅದನ್ನು ಬಳಸಿ ಪ್ರತಿ ಮಾಡಿಕೊಳ್ಳಬೇಕು. ಅನಂತರ ಬ್ರೌಸರನ್ನು ಮುಚ್ಚಿ, ಪ್ರೊಫೈಲ್ ಎಂಬ ಕೋಶವನ್ನು ಇಡಿಯಾಗಿ ಬೇರೆಡೆ ನಕಲು ಮಾಡಬೇಕು. ಇದು ಬಹು ಮುಖ್ಯ. ೨೦೧೯ರಲ್ಲಿ ಬಂದ ೬೭ನೆಯ ಆವೃತ್ತಿಯಿಂದೀಚೆಗೆ, ಹೊಸ ಫೈರ್‌ಫಾಕ್ಸ್ ಬಳಸಿದ ಪ್ರೊಫೈಲನ್ನು ಹಳೆಯ ಫೈರ್‌ಫಾಕ್ಸ್ ಸಾಮಾನ್ಯವಾಗಿ ತೆರೆಯುವುದಿಲ್ಲ. ನಕಲು ಇಲ್ಲದವನಿಗೆ ಹಿಂದಿರುಗುವ ದಾರಿ ಮುಚ್ಚಿರುತ್ತದೆ.

ಪರಿಷ್ಕರಣವಾದ ಬಳಿಕ ಉಪಾಂಗವೊಂದು ನಿಂತಿದ್ದರೆ, ಮೊದಲು ಆಡ್-ಆನ್‌ಗಳ ಪುಟವನ್ನು ತೆರೆದು ಅಲ್ಲಿಯ ಸೂಚನೆಯನ್ನು ಓದಬೇಕು. ಉಪಾಂಗದ ಹೊಸ ಆವೃತ್ತಿಯು ಹೆಚ್ಚಿನ ಅನುಮತಿಯನ್ನು ಬೇಡುತ್ತಿದ್ದರೆ, ಬಳಕೆದಾರನು ಒಪ್ಪುವವರೆಗೆ ಫೈರ್‌ಫಾಕ್ಸಿನಲ್ಲಿ ಆ ಆವೃತ್ತಿ ಕಾದಿರುತ್ತದೆ; ಕ್ರೋಮ್‌ನಲ್ಲಿ ಉಪಾಂಗವೇ ನಿಂತಿರುತ್ತದೆ. ಕೆಟ್ಟಿದೆಯೆಂದು ತೋರಿದ್ದು ಒಪ್ಪಿಗೆಯ ನಿರೀಕ್ಷೆಯಷ್ಟೇ ಆಗಿರಬಹುದು. ಬ್ರೌಸರಿನ ಮುಖವನ್ನು ಕನ್ನಡದಲ್ಲಿ ತೋರಿಸುವ ಭಾಷಾ ಪೊಟ್ಟಣವೂ ಇಂಥ ಆಡ್-ಆನ್ ಆಗಿದ್ದು, ಅದು ಆವೃತ್ತಿಗೆ ಸರಿಹೊಂದಬೇಕು. ಪರಿಷ್ಕರಣದ ನಂತರ ಮುಖವು ಇಂಗ್ಲಿಷಿಗೆ ತಿರುಗಿದ್ದರೆ ಹೊಸ ಪೊಟ್ಟಣ ಬಂದಿದೆಯೇ ಎಂದು ನೋಡಬೇಕು. ಹಲವು ಉಪಾಂಗಗಳಿರುವಲ್ಲಿ ಒಂದರ ದೋಷ ಮತ್ತೊಂದರಲ್ಲಿ ತೋರುವುದುಂಟು. ಆಗ ಎಲ್ಲವನ್ನೂ ತಾತ್ಕಾಲಿಕವಾಗಿ ತಡೆಹಿಡಿಯುವ ಟ್ರಬಲ್‌ಶೂಟ್ ಮೋಡ್‌ನಲ್ಲಿ ಬ್ರೌಸರನ್ನು ಪರೀಕ್ಷಿಸಿ, ಆಮೇಲೆ ಒಂದೊಂದನ್ನೇ ಚಾಲನೆಗೆ ತಂದರೆ ದೋಷದ ಮೂಲ ಸಿಕ್ಕುತ್ತದೆ. ಈ ಪರೀಕ್ಷೆಗಳಲ್ಲಿ ನಿಲ್ಲಿಸುವುದು ಸರಿ, ಕಿತ್ತುಹಾಕುವುದು ಸಲ್ಲದು.

ಶಾಲೆಯ ಗಣಕ ಪ್ರಯೋಗಾಲಯದಂಥ ಕಡೆ, ದೀರ್ಘಾವಧಿ ಬೆಂಬಲದ ಇಎಸ್ಆರ್ ಎಂಬ ಫೈರ್‌ಫಾಕ್ಸ್ ಆವೃತ್ತಿ ಹೆಚ್ಚು ಅನುಕೂಲ. ಅದರಲ್ಲಿ ಭದ್ರತೆಯ ತಿದ್ದುಪಡಿಗಳು ಬರುತ್ತಲೇ ಇರುತ್ತವೆ. ದೊಡ್ಡ ಮಾರ್ಪಾಟುಗಳು ಸುಮಾರು ವರ್ಷಕ್ಕೊಮ್ಮೆ ಮಾತ್ರ ಬರುತ್ತವೆ. ಆ ಮಾರ್ಪಾಟನ್ನು ಮೊದಲು ಒಂದೇ ಯಂತ್ರದಲ್ಲಿ ಪರೀಕ್ಷಿಸಿ, ರಜೆಯ ದಿನಗಳಲ್ಲಿ ಉಳಿದವುಗಳಿಗೆ ವಿಸ್ತರಿಸಿದರೆ ಪಾಠ ಕೆಡುವುದಿಲ್ಲ.

ಅಚ್ಚುಮೆಚ್ಚಿನ ಉಪಾಂಗ ಮುಗಿದೇಹೋಗಿದ್ದರೆ ಬದಲಿಯನ್ನು ಹುಡುಕಬೇಕು. ಆದರೆ ಹೆಸರಿನ ಸಾಮ್ಯಕ್ಕೆ ಮರುಳಾಗಬಾರದು. ಕ್ರೋಮ್‌ನಲ್ಲಿ ಬಹುಜನಪ್ರಿಯವಾಗಿದ್ದ ದಿ ಗ್ರೇಟ್ ಸಸ್ಪೆಂಡರ್ ಎಂಬುದನ್ನು ಅದರ ಮೊದಲ ನಿರ್ವಾಹಕರು ೨೦೨೦ರಲ್ಲಿ ಬೇರೆಯವರಿಗೆ ವಹಿಸಿಕೊಟ್ಟರು. ಅದರಲ್ಲಿ ದುರುದ್ದೇಶದ ಅಂಶವಿದೆಯೆಂಬ ಕಾರಣದಿಂದ ಗೂಗಲ್ ೨೦೨೧ರ ಫೆಬ್ರವರಿಯಲ್ಲಿ ಅದನ್ನು ತೆಗೆದುಹಾಕಿತು. ಹೆಸರು ಹಳೆಯದೇ ಆಗಿದ್ದರೂ ಒಡೆತನ ಬದಲಾಗಿತ್ತು. ಆದಕಾರಣ ಉಪಾಂಗವು ಯಾರ ಕೈಯಲ್ಲಿದೆ, ಕೊನೆಯ ಬಾರಿ ಯಾವಾಗ ಪರಿಷ್ಕೃತವಾಯಿತು, ತನ್ನ ಕೆಲಸಕ್ಕೆ ಮೀರಿದ ಅನುಮತಿಯನ್ನು ಬೇಡುತ್ತಿದೆಯೇ ಎಂಬುದನ್ನು ವಿಚಾರಿಸಿಯೇ ಸ್ವೀಕರಿಸಬೇಕು.

ಕೊನೆಯದಾಗಿ ಗಮನಿಸಬೇಕಾದ ಸಂಗತಿಯೊಂದುಂಟು. ಈ ಉಪಾಂಗಗಳಲ್ಲಿ ಅನೇಕವು ಒಬ್ಬಿಬ್ಬರು ವ್ಯಕ್ತಿಗಳು ಬಿಡುವಿನ ವೇಳೆಯಲ್ಲಿ, ಬೆಲೆಯಿಲ್ಲದೆ ನಡೆಸಿಕೊಂಡು ಬಂದವು. ೨೦೧೭ರಲ್ಲಿ ಉಳಿದವು ಉಳಿದದ್ದು, ಯಾರೋ ಒಬ್ಬರು ಕುಳಿತು ಅವನ್ನು ಹೊಸದಾಗಿ ಬರೆದುದರಿಂದ. ದೋಷ ಕಂಡಾಗ ಬ್ರೌಸರಿನ ಆವೃತ್ತಿಯನ್ನೂ ದೋಷ ತೋರಿದ ಕ್ರಮವನ್ನೂ ಸ್ಪಷ್ಟವಾಗಿ ಬರೆದು ಕಳುಹಿಸುವುದು, ಅವರು ದೇಣಿಗೆಯನ್ನು ಸ್ವೀಕರಿಸುವುದಾದರೆ ಯಥಾಶಕ್ತಿ ಸಲ್ಲಿಸುವುದು, ಕನ್ನಡಕ್ಕೆ ಅನುವಾದ ಬೇಕಿದ್ದಲ್ಲಿ ಬಲ್ಲವರು ಮಾಡಿಕೊಡುವುದು, ಇವು ಬಳಕೆದಾರರ ಕರ್ತವ್ಯಗಳು. ಮುಂದಿನ ಪರಿಷ್ಕರಣ ಬಂದಾಗ ಉಪಾಂಗವನ್ನು ಮತ್ತೆ ಬರೆಯುವ ಉತ್ಸಾಹ ಅದರ ಕರ್ತೃವಿನಲ್ಲಿ ಉಳಿದಿರಬೇಕಾದರೆ ಇಷ್ಟಾದರೂ ನಡೆಯಬೇಕು.