ಕವರ್ ಲೆಟರ್ ಏನನ್ನು ತೋರಿಸಿಕೊಡಬೇಕು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಅಡಿಕೆ ತೋಟಗಳನ್ನು ದಶಕಗಳಿಂದ ಹಳದಿ ಎಲೆ ರೋಗ ತಿನ್ನುತ್ತಿದೆ. ಅದನ್ನು ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಸಿಕ್ಕಿಲ್ಲ. ತೋಟವನ್ನೇ ನಂಬಿ ಕೂರಲಾಗದ ಮನೆಗಳ ಮಕ್ಕಳು ಪದವಿ ಮುಗಿಸಿ ಶಿವಮೊಗ್ಗ, ಮಂಗಳೂರು, ಬೆಂಗಳೂರಿನ ಕಂಪನಿಗಳಿಗೆ ಅರ್ಜಿ ಹಾಕುತ್ತಾರೆ. ಬಯೋಡೇಟಾ ಹೇಗೋ ಸಿದ್ಧವಾಗುತ್ತದೆ. ಅದರ ಜೊತೆಗಿಡುವ ಕವರ್ ಲೆಟರ್ ಮಾತ್ರ ಹೈಸ್ಕೂಲಿನ ಪತ್ರಲೇಖನದ ಪಾಠದಿಂದ ನೇರವಾಗಿ ಎದ್ದು ಬಂದಂತಿರುತ್ತದೆ: ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಶುರುವಾಗಿ, ನಾನು ಶ್ರಮಜೀವಿ, ಪ್ರಾಮಾಣಿಕ, ಎಲ್ಲರೊಂದಿಗೆ ಬೆರೆಯುವವನು ಎಂದು ಹೇಳಿ, ‘ಇಂತಿ ತಮ್ಮ ವಿಶ್ವಾಸಿ’ಗೆ ಬಂದು ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಬರೆದರೂ ಅಚ್ಚು ಅದೇ. ಇದರಲ್ಲಿ ವ್ಯಾಕರಣದ ತಪ್ಪಿಲ್ಲ, ವಿನಯಕ್ಕೂ ಕೊರತೆಯಿಲ್ಲ. ಆದರೂ ಇಂಥ ಪತ್ರದಿಂದ ಪ್ರಯೋಜನ ಕಡಿಮೆ. ಏಕೆ ಎಂಬುದಕ್ಕೆ ಅರ್ಥಶಾಸ್ತ್ರದಲ್ಲಿ ಉತ್ತರವಿದೆ.

1973ರಲ್ಲಿ ಮೈಕೆಲ್ ಸ್ಪೆನ್ಸ್ ಉದ್ಯೋಗ ಮಾರುಕಟ್ಟೆಯ ಸಂಕೇತಗಳನ್ನು ಕುರಿತು ಒಂದು ಪ್ರಬಂಧ ಪ್ರಕಟಿಸಿದರು. 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ ಅಭ್ಯರ್ಥಿಯ ಸಾಮರ್ಥ್ಯ ಮಾಲೀಕನಿಗೆ ಕಾಣುವುದಿಲ್ಲ. ಅವನು ಹೊರಗಿನ ಸಂಕೇತಗಳಿಂದ ಊಹಿಸಬೇಕು. ಬಲ್ಲವನಿಗೆ ಸುಲಭವೂ ಅರಿಯದವನಿಗೆ ದುಬಾರಿಯೂ ಆದ ಸಂಕೇತ ಮಾತ್ರ ಇಬ್ಬರನ್ನೂ ಬೇರ್ಪಡಿಸಬಲ್ಲದು ಎಂಬುದು ಸ್ಪೆನ್ಸ್ ತೋರಿಸಿದ ಸಂಗತಿ. ‘ನಾನು ಪ್ರಾಮಾಣಿಕ’ ಎಂದು ಬರೆಯಲು ಪ್ರಾಮಾಣಿಕನಿಗೂ ಕಳ್ಳನಿಗೂ ತಗಲುವ ಖರ್ಚು ಒಂದೇ. ಆದ್ದರಿಂದ ಆ ಮಾತು ಏನನ್ನೂ ತಿಳಿಸುವುದಿಲ್ಲ. ಕೃಷಿ ಔಷಧಿ ಕಂಪನಿಯ ಫೀಲ್ಡ್ ಕೆಲಸಕ್ಕೆ ಕೊಪ್ಪ ಕಡೆಯ ಪದವೀಧರೆಯೊಬ್ಬಳು ಅರ್ಜಿ ಹಾಕುತ್ತಾಳೆ ಎಂದಿಟ್ಟುಕೊಳ್ಳಿ. ‘ಕೃಷಿಯಲ್ಲಿ ನನಗೆ ಅಪಾರ ಆಸಕ್ತಿ’ ಎಂಬ ಸಾಲನ್ನು ಅಡಿಕೆ ಮರ ಕಾಣದವರೂ ಬರೆಯಬಹುದು. ಅವಳು ಹೀಗೆ ಬರೆದರೆ? ‘ನಮ್ಮ ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಸುವಾಗ ದ್ರಾವಣ ಕಲಸುವುದು ನನ್ನ ಪಾಲಿನ ಕೆಲಸ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಕತ್ತಿಯ ಅಲಗನ್ನು ಅದ್ದಿ ನೋಡುತ್ತೇನೆ. ಕೆಂಪು ಕೂತರೆ ಇನ್ನಷ್ಟು ಸುಣ್ಣದ ನೀರು ಬೆರೆಸುತ್ತೇನೆ.’ ಆ ಕೆಂಪು, ಸುಣ್ಣ ಸಾಲದೆ ಉಳಿದ ತಾಮ್ರ ಕಬ್ಬಿಣದ ಮೇಲೆ ಕೂರುವುದರಿಂದ ಬಂದದ್ದು. ಅಂಥ ದ್ರಾವಣ ಗಿಡವನ್ನು ಸುಡುತ್ತದೆ. ಕೆಲಸ ಮಾಡಿದವಳಿಗೆ ಈ ಸಾಲುಗಳು ಎರಡು ನಿಮಿಷದ ಬರವಣಿಗೆ. ಮೊಬೈಲಿನಲ್ಲಿ ಹುಡುಕಿ ಯಾರಾದರೂ ಬರೆಯಬಹುದಲ್ಲ ಎಂದು ಕೇಳಬಹುದು. ಬರೆಯಬಹುದು. ಆದರೆ ವಿವರ ಕೊಟ್ಟ ಪತ್ರ ಮರುಪ್ರಶ್ನೆಯನ್ನು ಕರೆಯುತ್ತದೆ. ‘ಹೊಡೆದ ಅರ್ಧ ಗಂಟೆಗೇ ಮಳೆ ಬಂದರೆ ಏನು ಮಾಡುತ್ತಿದ್ದಿರಿ?’ ಎಂದು ಸಂದರ್ಶನದಲ್ಲಿ ಕೇಳಿದಾಗ ಕದ್ದು ಬರೆದವರು ತಡವರಿಸುತ್ತಾರೆ. ಸುಳ್ಳಿಗೆ ಬೆಲೆ ತೆರಬೇಕಾಗುವುದು ಅಲ್ಲಿ.

ಸ್ಪೆನ್ಸ್ ಮಾತಿಗೆ ಹೊಸ ಪುರಾವೆ ಕೃತಕ ಬುದ್ಧಿಮತ್ತೆಯ ಕಡೆಯಿಂದ ಬಂದಿದೆ. ಅನಾಯಿಸ್ ಗಾಲ್ಡಿನ್ ಮತ್ತು ಜೆಸ್ಸಿ ಸಿಲ್ಬರ್ಟ್ ಎಂಬ ಅರ್ಥಶಾಸ್ತ್ರಜ್ಞರು ಫ್ರೀಲಾನ್ಸರ್ ಡಾಟ್ ಕಾಮ್‌ನಲ್ಲಿ ಸಲ್ಲಿಕೆಯಾದ ಕವರ್ ಲೆಟರ್‌ಗಳನ್ನು ಪರಿಶೀಲಿಸಿ 2025ರಲ್ಲಿ ವರದಿ ಮಾಡಿದರು. ಚಾಟ್‌ಜಿಪಿಟಿಯಂಥವು ಬರುವ ಮೊದಲು, ಕೆಲಸದ ವಿವರವನ್ನು ಓದಿ ಅದಕ್ಕೆಂದೇ ಬರೆದ ಪತ್ರಕ್ಕೆ ಕೆಲಸ ಕೊಡುವವರು ಬೆಲೆ ಕೊಡುತ್ತಿದ್ದರು, ಹಾಗೆ ಬರೆದವರು ಕೆಲಸವನ್ನು ಸರಿಯಾಗಿ ಮುಗಿಸುವ ಸಂಭವವೂ ಹೆಚ್ಚಿತ್ತು. ಯಂತ್ರ ಬರೆಯತೊಡಗಿದ ಮೇಲೆ ಆ ನಂಟು ಕಳಚಿತು. ಪತ್ರಗಳು ಏನನ್ನೂ ಸೂಚಿಸದ ಮಾರುಕಟ್ಟೆಯಲ್ಲಿ ಸಾಮರ್ಥ್ಯದ ಮೇಲಿನ ಐದನೇ ಒಂದು ಭಾಗದವರಿಗೆ ಕೆಲಸ ಸಿಗುವುದು ಶೇ 19ರಷ್ಟು ಇಳಿದು, ಕೆಳಗಿನ ಐದನೇ ಒಂದು ಭಾಗದವರಿಗೆ ಶೇ 14ರಷ್ಟು ಏರುತ್ತದೆ ಎಂದು ಅವರ ಲೆಕ್ಕ. ಹಾಗಾದರೆ ಯಂತ್ರವನ್ನು ಮುಟ್ಟಲೇಬಾರದೆ? 2023ರಲ್ಲಿ ಹೊರಬಂದ ಇನ್ನೊಂದು ಪ್ರಯೋಗ ಹಾಗೆ ಹೇಳುವುದಿಲ್ಲ. ಸುಮಾರು 5 ಲಕ್ಷ ಉದ್ಯೋಗಾಕಾಂಕ್ಷಿಗಳಿದ್ದ ಆ ಪ್ರಯೋಗದಲ್ಲಿ, ಬಯೋಡೇಟಾದ ಭಾಷೆ ತಿದ್ದುವ ತಂತ್ರಾಂಶದ ನೆರವು ಪಡೆದವರಿಗೆ ಕೆಲಸ ಸಿಕ್ಕಿದ್ದು ಶೇ 8ರಷ್ಟು ಹೆಚ್ಚು. ಎರಡನ್ನೂ ಸೇರಿಸಿ ಓದಿದರೆ ನನಗೆ ಕಾಣುವುದಿಷ್ಟು: ಕಾಗುಣಿತ, ವ್ಯಾಕರಣ ತಿದ್ದಲು ಯಂತ್ರ ಒಳ್ಳೆಯ ಸಹಾಯಕ, ಹೇಳಬೇಕಾದ ಸಂಗತಿಯನ್ನೇ ಅದರ ಕೈಗೆ ಬಿಟ್ಟರೆ ನಿಮ್ಮ ಪತ್ರ ಉಳಿದ ನೂರು ಪತ್ರಗಳ ಹಾಗೇ ಆಗುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದವರನ್ನು ಕಾಡುವ ದೊಡ್ಡ ಅಳುಕು ಇಂಗ್ಲಿಷಿನದು. ಭಾರೀ ಪದಗಳಿಲ್ಲದಿದ್ದರೆ ದಡ್ಡರೆಂದುಕೊಳ್ಳುತ್ತಾರೆ ಎಂಬ ಭಯ ಅದರ ಹಿಂದಿದೆ. ಮನೋವಿಜ್ಞಾನಿ ಡೇನಿಯಲ್ ಆಪನ್‌ಹೈಮರ್ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿದ್ದು ಇದರ ತದ್ವಿರುದ್ಧವನ್ನು. ವಿಶ್ವವಿದ್ಯಾಲಯದ ಪ್ರವೇಶಕ್ಕೆ ಬರೆದ ಪತ್ರಗಳಲ್ಲಿನ ಸರಳ ಪದಗಳ ಜಾಗದಲ್ಲಿ ಉದ್ದುದ್ದ ಪದಗಳನ್ನು ತುಂಬಿದಷ್ಟೂ ಬರೆದವರ ಬಗ್ಗೆ ಓದುಗರ ಅಂದಾಜು ಕೆಳಗಿಳಿಯಿತು. ತೊಡಕಾಗಿ ಓದಿಸಿಕೊಳ್ಳುವ ಬರಹ, ಬರೆದವರ ಬಗ್ಗೆಯೂ ಅಸಮಾಧಾನ ಹುಟ್ಟಿಸುತ್ತದೆ. ಚಿಕ್ಕ ವಾಕ್ಯದ, ತಪ್ಪಿಲ್ಲದ, ಸಾದಾ ಇಂಗ್ಲಿಷು ಧಾರಾಳವಾಗಿ ಸಾಕು.

ಹೆಸರು ನೋಡಿಯೇ ಅರ್ಜಿಯನ್ನು ಬದಿಗಿಡುತ್ತಾರಲ್ಲ ಎಂಬ ಒಂದು ಆಕ್ಷೇಪಕ್ಕೆ ಮಾತ್ರ ಸಮಾಧಾನದ ಉತ್ತರವಿಲ್ಲ. ಸುಖದೇವ್ ಥೋರಾಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾರತದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಸಮಾನ ಅರ್ಹತೆಯ, ಹೆಸರು ಮಾತ್ರ ಬೇರೆಯಾದ ಅರ್ಜಿಗಳು ಹೋದವು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಸುಮಾರು ಮೂರನೇ ಒಂದರಷ್ಟು ಕಡಿಮೆಯಿತ್ತು, ಮುಸ್ಲಿಂ ಹೆಸರಿಗೆ ಮೂರನೇ ಎರಡರಷ್ಟು. ಈ ಅನ್ಯಾಯವನ್ನು ಅಭ್ಯರ್ಥಿಯ ಪತ್ರ ಸರಿಪಡಿಸಲಾರದು, ಸರಿಪಡಿಸುವ ಹೊಣೆ ಅಭ್ಯರ್ಥಿಯದೂ ಅಲ್ಲ. ಮೊದಲ ಸುತ್ತಿನಲ್ಲಿ ಹೆಸರು ಮುಚ್ಚಿ ಓದುವ ಪದ್ಧತಿಯನ್ನು ಕಂಪನಿಗಳೇ ತರಬೇಕು. ಕವರ್ ಲೆಟರನ್ನು ಯಾರೂ ಓದುವುದಿಲ್ಲ ಎನ್ನುವವರ ಮಾತೂ ಕೆಲವು ಕಚೇರಿಗಳ ಮಟ್ಟಿಗೆ ನಿಜವಿದ್ದೀತು. ಹಾಗಾಗಿಯೇ ಮುಖ್ಯ ಸಂಗತಿ ಮೊದಲ ಎರಡು ಸಾಲಿನಲ್ಲಿ ಬರಬೇಕು.

ಮಲೆನಾಡಿನ ಹುಡುಗ ಹುಡುಗಿಯರಲ್ಲಿ ಅಂಥ ಸಂಗತಿಗಳಿಗೆ ಬರವಿಲ್ಲ. ಮನೆಯಲ್ಲಿ ಮಾಡಿದ್ದು ಅನುಭವವಲ್ಲ ಎಂದುಕೊಂಡು ಅವರೇ ಬಿಟ್ಟುಬಿಡುತ್ತಾರೆ. ನವರಾತ್ರಿಯಲ್ಲಿ ಶೃಂಗೇರಿಯ ಲಾಡ್ಜಿನ ಕೌಂಟರಿನಲ್ಲಿ ಕೂತು ಕನ್ನಡ, ತೆಲುಗು, ತಮಿಳು ಯಾತ್ರಿಕರಿಗೆ ರೂಮು ಹೊಂದಿಸಿದವನು ಹೋಟೆಲ್ ಕೆಲಸಕ್ಕೆ ‘ಅನುಭವ: ಇಲ್ಲ’ ಎಂದು ಬರೆಯುತ್ತಾನೆ. ನರಸಿಂಹರಾಜಪುರ ಕಡೆ ಸುಲಿತದ ದಿನಗಳಲ್ಲಿ ಆಳುಗಳ ಬಟವಾಡೆ, ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿದ ಅಡಿಕೆಯ ತೂಕ, ಮಂಡಿಯ ಚೀಟಿ ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ಹೊಂದಿಸಿಟ್ಟ ಬಿ.ಕಾಂ. ವಿದ್ಯಾರ್ಥಿನಿ, ಅಕೌಂಟ್ಸ್ ಹುದ್ದೆಯ ಅರ್ಜಿಯಲ್ಲಿ ಅದರ ಸುದ್ದಿಯನ್ನೇ ಎತ್ತುವುದಿಲ್ಲ. ಬೆಂಗಳೂರಿನಲ್ಲಿ ಕೂತು ಅರ್ಜಿ ಓದುವವರಿಗೆ ಮಂಡಿಯ ಚೀಟಿ ಗೊತ್ತಿರಲಿಕ್ಕಿಲ್ಲ. ಎಷ್ಟು ಜನರ ಬಟವಾಡೆ, ಎಷ್ಟು ಕ್ವಿಂಟಲ್, ವ್ಯತ್ಯಾಸ ಬಂದಾಗ ಹೇಗೆ ಹಿಡಿದಳು ಎಂದು ನಾಲ್ಕು ಸಾಲಿನಲ್ಲಿ ಬರೆದರೆ, ಅದು ಲೆಕ್ಕಪತ್ರದ ಕೆಲಸ ಎಂದು ಅವರಿಗೆ ತಾನಾಗಿ ಅರ್ಥವಾಗುತ್ತದೆ.