ತೂಕಡಿಸುವ ಕೋಳಿಗೆ ಮೊದಲ ಮದ್ದು ನಿಮ್ಮ ಕಣ್ಣು!

ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುತ್ತೀರಿ. ಮೂರು ಕೋಳಿಗಳು ಎಂದಿನಂತೆ ಓಡಿ ಬಂದು ಕಾಳಿಗೆ ಮುಗಿಬೀಳುತ್ತವೆ. ನಾಲ್ಕನೆಯದು ಮಾತ್ರ ಮೂಲೆಯಲ್ಲಿ ಗರಿ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ನಿಂತಿದೆ. ಆಗ ನೀವೇನು ಮಾಡ್ತೀರಿ? ‘ಏನೋ ಚಳಿ ಇರಬೇಕು, ಸಂಜೆ ನೋಡೋಣ’ ಅಂದುಕೊಂಡು ಒಳಗೆ ಹೋಗಿ ಹಾಲು ಕಾಯಿಸ್ತೀರಿ, ಅಲ್ವೆ? ನಾನೂ ಒಮ್ಮೆ ಹಾಗೇ ಮಾಡಿದ್ದೆ. ಅದಕ್ಕೆ ಬೆಲೆ ತೆತ್ತವಳು ನಮ್ಮಮ್ಮ.

ನನ್ನ ತವರು ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು. ಆಂಧ್ರದ ಗಡಿಗೆ ಅಂಟಿಕೊಂಡ ಮಾವಿನ ತೋಪುಗಳ ಸೀಮೆ. ಕನ್ನಡದಷ್ಟೇ ಸಲೀಸಾಗಿ ತೆಲುಗು ಆಡುವ ಜನ. ನಮ್ಮ ಮನೆಯಲ್ಲಿ ಹೊಲದ ದುಡ್ಡು ಅಪ್ಪನದು, ಕೋಳಿ ದುಡ್ಡು ಅಮ್ಮನದು. ನನ್ನ ಬಿ.ಎ. ಪರೀಕ್ಷೆಯ ಫೀಸು ಕಟ್ಟಿದ್ದು ಮೊಟ್ಟೆ ಮಾರಿ ಸಾಸಿವೆ ಡಬ್ಬಿಯಲ್ಲಿ ಅವಳು ಕೂಡಿಟ್ಟ ದುಡ್ಡಿನಿಂದ.

ಕೆಲವು ವರ್ಷಗಳ ಹಿಂದೆ ಯುಗಾದಿಗೆ ಹೋದಾಗ, ಅಮ್ಮನಿಗೆ ಖುಷಿಯಾಗಲಿ ಅಂತ ಸಂತೆಯಿಂದ ಎರಡು ಹೇಂಟೆ ತಂದು ಅವಳ ಕೋಳಿಗಳ ಜೊತೆ ಬಿಟ್ಟೆ. ಮೂರನೇ ದಿನ ಅದರಲ್ಲೊಂದು ತೂಕಡಿಸತೊಡಗಿತು. ‘ಬಿಸಿಲಿಗೆ ಹಾಗಾಗಿದೆ ಬಿಡು’ ಅಂದುಬಿಟ್ಟೆ. ಎರಡು ವಾರದಲ್ಲಿ ಹದಿನಾಲ್ಕು ಕೋಳಿಗಳ ಪೈಕಿ ಉಳಿದದ್ದು ಎರಡೇ. ಅಮ್ಮ ನನಗೆ ಒಂದು ಮಾತೂ ಅನ್ನಲಿಲ್ಲ. ಖಾಲಿಯಾದ ಮಂಕರಿ ತೊಳೆದು ಬಿಸಿಲಿಗೆ ಬೋರಲು ಹಾಕಿದಳು, ಅಷ್ಟೆ.

ಈಗ ಬೆಂಗಳೂರಿನ ನಮ್ಮ ಮನೆ ಹಿಂದೆ ನಾಲ್ಕು ಕೋಳಿಗಳಿವೆ. ಪಶುವೈದ್ಯರನ್ನು ಕೇಳಿ ಕೇಳಿ ಕಲಿತದ್ದನ್ನು ನಿಮಗೂ ಹೇಳ್ತೀನಿ ಕೇಳಿ.

ಕಾಯಿಲೆ ಬಚ್ಚಿಡುವ ಜಾಣೆ

ಕೋಳಿ ತನ್ನ ಕಾಯಿಲೆಯನ್ನು ಸುಲಭಕ್ಕೆ ತೋರಗೊಡುವುದಿಲ್ಲ. ಸೋತಂತೆ ಕಂಡರೆ ಜೊತೆಯವೇ ಕುಕ್ಕುತ್ತವೆ, ಹದ್ದಿನ ಕಣ್ಣಿಗೂ ಅದೇ ಮೊದಲು ಬೀಳುತ್ತದೆ. ಹಾಗಾಗಿ ನಮಗೆ ಗೊತ್ತಾಗುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ. ದಿನಾ ಕಾಳು ಹಾಕುವಾಗ ಇಷ್ಟು ಗಮನಿಸಿ:

* ಜುಟ್ಟು: ಮೊಟ್ಟೆ ಇಡುವ ಕೋಳಿಯ ಜುಟ್ಟು ಕೆಂಪಗಿರಬೇಕು. ಬಿಳಿಚಿಕೊಂಡಿದ್ದರೆ ಹೇನು, ಉಣ್ಣೆ ಅಥವಾ ಜಂತುಹುಳು ರಕ್ತ ಹೀರುತ್ತಿರಬಹುದು. ನೀಲಿಗಟ್ಟಿದ್ದರೆ ಉಸಿರಿಗೋ ರಕ್ತ ಓಡಾಟಕ್ಕೋ ತೊಂದರೆ, ತಡ ಮಾಡಬೇಡಿ.
* ಹಿಕ್ಕೆ: ಕಂದು ಬಣ್ಣ, ಮೇಲೊಂದಿಷ್ಟು ಬಿಳಿ ಇದ್ದರೆ ಸರಿ. ದಿನದಲ್ಲಿ ಒಂದೆರಡು ಸಲ ಅಂಟಂಟಾಗಿ, ನಾತ ಹೊಡೆಯುವ ಹಿಕ್ಕೆ ಬಂದರೂ ಗಾಬರಿ ಬೇಡ. ರಕ್ತ ಕಂಡರೆ, ಹಸಿರು ನೀರಿನಂತಿದ್ದರೆ ಮಾತ್ರ ಎಚ್ಚರ.
* ಕತ್ತಿನ ಬುಡದ ಕಾಳಿನ ಚೀಲ: ಸಂಜೆ ತುಂಬಿ, ಬೆಳಿಗ್ಗೆ ಖಾಲಿಯಾಗಿರಬೇಕು. ಬೆಳಿಗ್ಗೆಯೂ ಕಲ್ಲಿನಂತಿದ್ದರೆ ನಾರೋ ಹುಲ್ಲೋ ಸಿಕ್ಕಿಕೊಂಡಿದೆ. ತಲೆಕೆಳಗೆ ಹಿಡಿದು ವಾಂತಿ ಮಾಡಿಸಲು ಹೋಗಬೇಡಿ, ಶ್ವಾಸಕೋಶಕ್ಕೆ ಸೇರಿ ಜೀವವೇ ಹೋದೀತು.
* ಎದೆ ಮೂಳೆ: ಚಾಕುವಿನ ಅಂಚಿನಂತೆ ಕೈಗೆ ತಗುಲಿದರೆ ಕೋಳಿ ಬಹಳ ದಿನದಿಂದ ಸೊರಗುತ್ತಿದೆ ಅಂತಲೇ ಅರ್ಥ.

ಇದು ಕಾಯಿಲೆಯಲ್ಲ

ಗೂಡು ಬಿಟ್ಟು ಏಳದೆ, ಗರಿ ಉಬ್ಬಿಸಿ, ಕೈ ಹಾಕಿದರೆ ಕುಕ್ಕಲು ಬರುತ್ತಿದೆಯೆ? ಅದು ಕಾವಿಗೆ ಕೂತಿದೆ ಅಷ್ಟೆ. ಕಾಯಿಲೆ ಕೋಳಿಗೆ ಕೋಪ ಮಾಡಿಕೊಳ್ಳುವಷ್ಟು ತ್ರಾಣ ಎಲ್ಲಿಂದ ಬರಬೇಕು? ವರ್ಷಕ್ಕೊಮ್ಮೆ ಗರಿ ಉದುರಿ ಮೊಟ್ಟೆ ನಿಲ್ಲುವುದೂ ಸಹಜವೇ.

ಮೊದಲ ಒಂದು ಗಂಟೆ

ಏನು ಕಾಯಿಲೆ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಕೋಳಿಯನ್ನು ಬೇರೆ ಮಾಡಿ. ಒಂದು ರಟ್ಟಿನ ಪೆಟ್ಟಿಗೆ, ತಳಕ್ಕೆ ಹಳೇ ಪೇಪರ್ ಸಾಕು. ಪೇಪರ್ ಮೇಲೆ ಹಿಕ್ಕೆಯ ಬಣ್ಣವೂ ಚೆನ್ನಾಗಿ ಕಾಣುತ್ತದೆ.

ಕೋಳಿಯ ಮೈ ಶಾಖ ನಮಗಿಂತ ಹೆಚ್ಚು, ಸುಮಾರು 106 ಡಿಗ್ರಿ ಫ್ಯಾರನ್‌ಹೀಟ್. ಕಾಯಿಲೆ ಬಿದ್ದಾಗ ಅದನ್ನು ಕಾಪಾಡಿಕೊಳ್ಳಲು ಅದಕ್ಕೆ ಕಷ್ಟ. ಪೆಟ್ಟಿಗೆಯ ಒಂದು ಬದಿಗೆ ಹಳೇ ಕಾಲದ ಬಿಸಿಯಾಗುವ ಬಲ್ಬು ಹಾಕಿ, ಸೆಖೆಯಾದರೆ ಆಚೆ ಸರಿಯಲು ಜಾಗ ಬಿಡಿ. ಬೇಸಿಗೆಯಲ್ಲಿ ಬಾಯಿ ತೆರೆದು ತೇಗುತ್ತಿದ್ದರೆ ಮಾತ್ರ ಶಾಖ ಬೇಡ. ನೆರಳು, ತಣ್ಣೀರು ಸಾಕು.

ಕುಡಿಯಲು ಓಆರ್‌ಎಸ್ ನೀರಿಡಿ. ನೆನೆಸಿದ ನುಚ್ಚು, ಬೇಯಿಸಿದ ಮೊಟ್ಟೆಯ ಪುಡಿ ಕೊಡಿ. ಕೊಕ್ಕು ಅಗಲಿಸಿ ನೀರು ಸುರಿಯಬೇಡಿ. ಮನೆಯಲ್ಲಿ ಮಿಕ್ಕಿದ ಜ್ವರದ ಮಾತ್ರೆ, ಆಂಟಿಬಯೋಟಿಕ್ ಅಂತೂ ಬೇಡವೇ ಬೇಡ.

ಲಕ್ಷಣ ನೋಡಿ ಊಹಿಸಿ

ಕೋಳಿ ಮುಕ್ಕುತ್ತಾ, ಬಾಲ ಇಳಿಬಿಟ್ಟು ಕಾಲಗಲಿಸಿ ನಡೆಯುತ್ತಿದ್ದರೆ ಮೊಟ್ಟೆ ಒಳಗೇ ಸಿಕ್ಕಿರಬಹುದು. ಹೊಟ್ಟೆ ಮುಳುಗುವಷ್ಟು ಬೆಚ್ಚನೆ ನೀರಿನಲ್ಲಿ ಹದಿನೈದು ನಿಮಿಷ ಕೂರಿಸಿ, ಒರೆಸಿ ಬೆಚ್ಚಗಿಡಿ. ಒತ್ತಿ ಒಡೆಯುವ ಸಾಹಸ ಬೇಡ. ಆಗಲೂ ಬಾರದಿದ್ದರೆ ಅಂದೇ ವೈದ್ಯರಿಗೆ ತೋರಿಸಿ.

ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿ ಇರಬಹುದು. ಗೂಡಿನ ತೇವದಲ್ಲಿ ಹರಡುವ ಕಾಯಿಲೆ ಇದು. ವೈದ್ಯರ ಔಷಧಿ ಬೇಗ ಸಿಕ್ಕರೆ ಗುಣವಾಗುತ್ತದೆ. ಜುಟ್ಟು, ಕಣ್ಣಿನ ಸುತ್ತ ಗುಳ್ಳೆಯೆದ್ದು ಹಕ್ಕಳೆಗಟ್ಟಿದರೆ ಕೋಳಿ ಸಿಡುಬು. ಇದನ್ನು ಹರಡುವುದು ಸೊಳ್ಳೆ.

ಬಾಯಿ ತೆರೆದು ಉಸಿರಾಟ, ಹಸಿರು ಭೇದಿ, ಆಮೇಲೆ ಕತ್ತು ತಿರುಚುವುದು, ಕಾಲು ಬೀಳುವುದು... ನಮ್ಮಮ್ಮನ ಕೋಳಿಗಳಲ್ಲಿ ಕಂಡದ್ದು ಇದೇ. ಇದು ಕೊಕ್ಕರೆ ರೋಗ. 1920ರ ದಶಕದಲ್ಲಿ ಹಿಮಾಲಯದ ತಪ್ಪಲಿನ ರಾಣಿಖೇತ್‌ನಲ್ಲಿ ಗುರುತಿಸಿದ್ದರಿಂದ ರಾಣಿಖೇತ್ ಅಂತಲೂ ಕರೆಯುತ್ತಾರೆ. ಬಂದ ಮೇಲೆ ಮದ್ದಿಲ್ಲ, ಬಾರದಂತೆ ಲಸಿಕೆ ಉಂಟು. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಲಸೋಟ ಹನಿ, ಸುಮಾರು ಎಂಟು ವಾರಕ್ಕೆ ಆರ್2ಬಿ ಚುಚ್ಚುಮದ್ದು. ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರ ತಳಿಗಳಿಗೂ ಇದು ತಪ್ಪದು. ಒಂದು ಸೀಸೆಯ ಲಸಿಕೆ ಹತ್ತಾರು ಕೋಳಿಗೆ ಆಗುತ್ತದೆ, ಕಲಸಿದ ಮೇಲೆ ಬಹಳ ಹೊತ್ತು ಇಡುವಂತಿಲ್ಲ. ಹಾಗಾಗಿ ಬೀದಿಯವರೆಲ್ಲ ಸೇರಿ ಒಂದೇ ದಿನ ಹಾಕಿಸಿ. ಪಶು ಆಸ್ಪತ್ರೆಯಲ್ಲಿ ಕೇಳಿ, ಇಲ್ಲವೆ 1962ಕ್ಕೆ ಫೋನ್ ಮಾಡಿ.

ಸಾಯುವ ಮುಂಚೆ ಸಾರು?

‘ಹೇಗೂ ಸಾಯುತ್ತೆ, ಅಷ್ಟರಲ್ಲಿ ಕುಯ್ದುಬಿಡೋಣ’ ಅನ್ನುವುದು ನಮ್ಮೂರ ಹಳೇ ಅಭ್ಯಾಸ. ದಯವಿಟ್ಟು ಬಿಡಿ. ಪುಕ್ಕ ಕೀಳುವವರು, ಮಾಂಸ ಹೆಚ್ಚುವವರು ನಾವೇ ತಾನೆ? 2025ರ ಫೆಬ್ರವರಿಯಲ್ಲಿ ಪಕ್ಕದ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ದೃಢಪಟ್ಟಿತ್ತು. ಕಾರಣವಿಲ್ಲದೆ ಒಟ್ಟೊಟ್ಟಿಗೆ ಕೋಳಿಗಳು ಸತ್ತರೆ ಬರಿಗೈಲಿ ಮುಟ್ಟಬೇಡಿ, ಮಕ್ಕಳನ್ನು ದೂರವಿಡಿ, ಕೆರೆಗೋ ತಿಪ್ಪೆಗೋ ಎಸೆಯಬೇಡಿ. ಪಶು ಆಸ್ಪತ್ರೆಗೆ ತಿಳಿಸಿ, ಅವರು ಹೇಳಿದಂತೆ ಮಾಡಿ. ಔಷಧಿ ಕೊಟ್ಟ ಕೋಳಿಯ ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದು ಅಂತಲೂ ವೈದ್ಯರನ್ನೇ ಕೇಳಿಕೊಳ್ಳಿ.

ಇನ್ನೊಂದು ಮಾತು. ಹೊಸ ಕೋಳಿ ತಂದರೆ ಮೂರು ವಾರ ಬೇರೆಯೇ ಇಡಿ. ಅದರ ಕಾಳು, ನೀರು ಕೊನೆಗೆ ಹಾಕಿ, ಕೈಕಾಲು ತೊಳೆದುಕೊಳ್ಳಿ. ಅವತ್ತು ನನಗೆ ಇಷ್ಟು ತಿಳಿದಿದ್ದರೆ ಸಾಕಿತ್ತು...

ಉಳಿದ ಎರಡು ಕೋಳಿಗಳಿಂದಲೇ ಅಮ್ಮ ಮತ್ತೆ ಹಿಂಡು ಕಟ್ಟಿದ್ದಾಳೆ. ನಮ್ಮ ಮನೆಯ ನಾಲ್ಕೂ ಅವಳು ಕಳಿಸಿದವೇ. ಈಗ ಫೋನ್ ಮಾಡಿದರೆ ಅಳಿಯಂದಿರ ಕ್ಷೇಮ ಆಮೇಲೆ, ಮೊದಲು ಕೇಳುವುದು ‘ಕೋಳಿಗಳ ಜುಟ್ಟು ಕೆಂಪಗಿದೆ ತಾನೆ?’ ಅಂತ!